ಆಲ್ಪ್ಸ್ ಬೆಟ್ಟ ಎಂದುಕೊಂಡಿದ್ದು ಬರ್ಲಿನ್‌ನ ಮರಳು ದಿಬ್ಬ: ಚಿತ್ರ ಯಾರದ್ದು, ಎಲ್ಲಿಯದ್ದು ಎಂದು ಪತ್ತೆ ಹಚ್ಚುವುದು ಹೇಗೆ?

ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್, ಅಂದರೆ ಮೋಮಾ, 1949ರಲ್ಲಿ ಒಂದು ತೈಲವರ್ಣ ಚಿತ್ರವನ್ನು ಖರೀದಿಸಿತು. ಕಲಾವಿದ ಜರ್ಮನಿಯ ಅರ್ನ್ಸ್ಟ್ ಲುಡ್ವಿಗ್ ಕಿರ್ಶ್ನರ್. ಚಿತ್ರದ ಹೆಸರು ‘ಎಂಗಾಡಿನ್‌ನ ಮರಳು ದಿಬ್ಬಗಳು’ ಎಂದೂ, ಬರೆದ ಕಾಲ 1917-18 ಎಂದೂ ಮ್ಯೂಸಿಯಂನ ಪಟ್ಟಿಯಲ್ಲಿ ದಾಖಲಾಯಿತು. ಎಂಗಾಡಿನ್ ಎಂಬುದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳ ನಡುವಿನ ಕಣಿವೆ. ಕಿರ್ಶ್ನರ್ 1917ರಿಂದ ಸಾಯುವವರೆಗೂ ಬಹುಪಾಲು ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲೇ ಇದ್ದವರು. ಹಾಗಾಗಿ ಎಲ್ಲವೂ ಸರಿಯಾಗಿಯೇ ಇದ್ದಂತೆ ಕಾಣುತ್ತಿತ್ತು.

ಆದರೆ ಅದು ಎಂಗಾಡಿನ್ ಅಲ್ಲ. ಆಲ್ಪ್ಸ್ ಕೂಡ ಅಲ್ಲ. ಚಿತ್ರದಲ್ಲಿದ್ದದ್ದು ಬರ್ಲಿನ್ ನಗರದ ಆಗ್ನೇಯ ಅಂಚಿನ ಗ್ರೂನೌ ಎಂಬಲ್ಲಿನ ಮರಳು ದಿಬ್ಬ. ಕಿರ್ಶ್ನರ್ ಸ್ವಿಟ್ಜರ್ಲೆಂಡಿಗೆ ಹೋಗುವ ಮೊದಲು, ಬರ್ಲಿನ್‌ನಲ್ಲಿದ್ದಾಗ ಬರೆದ ಚಿತ್ರ ಅದು. 2015ರ ನವೆಂಬರ್‌ನಲ್ಲಿ ಮೋಮಾ ಆ ಚಿತ್ರವನ್ನು ‘ಮರಳು ದಿಬ್ಬಗಳು, ಗ್ರೂನೌ ಬಳಿ’ ಎಂಬ ಸರಿಯಾದ ಹೆಸರಿನಲ್ಲಿ, ನಾಜಿ ಆಡಳಿತಕ್ಕೆ ಹೆದರಿ ದೇಶ ಬಿಟ್ಟಿದ್ದ ಯಹೂದಿ ಸಂಗ್ರಾಹಕರೊಬ್ಬರ ವಾರಸುದಾರರಿಗೆ ಹಿಂತಿರುಗಿಸಿತು.

ಚಿತ್ರ ಬರೆದವರು ಯಾರು ಎಂಬ ಬಗ್ಗೆ ಇಲ್ಲಿ ತಕರಾರು ಇರಲಿಲ್ಲ. ತಪ್ಪಾಗಿದ್ದು ಸ್ಥಳ ಮತ್ತು ಕಾಲ ಮಾತ್ರ. ಅಷ್ಟು ಸಣ್ಣ ತಪ್ಪು ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಈ ಚಿತ್ರ ಸಾಕ್ಷಿ. ಚಿತ್ರವೊಂದರ ಕರ್ತೃ, ಕಾಲ, ಸ್ಥಳ ಮತ್ತು ಮಾಲೀಕತ್ವವನ್ನು ತಜ್ಞರು ಹೇಗೆ ನಿರ್ಧರಿಸುತ್ತಾರೆ? ಅಭಿವ್ಯಕ್ತಿವಾದಿಗಳ ಬೆಟ್ಟದ ಚಿತ್ರಗಳಲ್ಲಿ ಈ ಕೆಲಸ ಏಕೆ ಹೆಚ್ಚು ಕಷ್ಟ? ವಿವರ ಇಲ್ಲಿದೆ.

ಯಾರು ಈ ಕಿರ್ಶ್ನರ್?

ಕಿರ್ಶ್ನರ್ ಹುಟ್ಟಿದ್ದು 1880ರ ಮೇ 6ರಂದು, ಜರ್ಮನಿಯ ಅಶಾಫೆನ್‌ಬುರ್ಗ್‌ನಲ್ಲಿ. ಡ್ರೆಸ್ಡೆನ್‌ನಲ್ಲಿ ಓದಿದ್ದು ವಾಸ್ತುಶಿಲ್ಪ. 1905ರಲ್ಲಿ ಫ್ರಿಟ್ಸ್ ಬ್ಲೈಲ್, ಎರಿಕ್ ಹೆಕೆಲ್ ಮತ್ತು ಕಾರ್ಲ್ ಶ್ಮಿಟ್-ರೋಟ್ಲುಫ್ ಜೊತೆ ಸೇರಿ ‘ಡಿ ಬ್ರೂಕೆ’ ಎಂಬ ಗುಂಪು ಕಟ್ಟಿದರು. ಬ್ರೂಕೆ ಎಂದರೆ ಜರ್ಮನ್ ಭಾಷೆಯಲ್ಲಿ ಸೇತುವೆ. ಜರ್ಮನ್ ಅಭಿವ್ಯಕ್ತಿವಾದದ ಮೊದಲ ದೊಡ್ಡ ಗುಂಪು ಇದು.

ಅಭಿವ್ಯಕ್ತಿವಾದ ಎಂದರೆ ಸರಳವಾಗಿ ಹೇಳುವುದಾದರೆ, ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆಯದೆ, ಅದು ಮನಸ್ಸಿನಲ್ಲಿ ಎಬ್ಬಿಸಿದ ಭಾವಕ್ಕೆ ತಕ್ಕಂತೆ ಬರೆಯುವುದು. ಹಾಗಾಗಿ ಬೆಟ್ಟ ನೇರಳೆ ಬಣ್ಣಕ್ಕೆ ತಿರುಗಬಹುದು, ಹಿಮ ಗುಲಾಬಿಯಾಗಬಹುದು, ಕಣಿವೆ ಕತ್ತಿಯಂತೆ ಚೂಪಾಗಬಹುದು.

ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಸೇನೆಗೆ ಸೇರಿದ ಕಿರ್ಶ್ನರ್ ಕೆಲವೇ ತಿಂಗಳಲ್ಲಿ ಮಾನಸಿಕವಾಗಿ ಕುಸಿದರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, 1917ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಬಂದರು. ಇಂದು ವಿಶ್ವ ಆರ್ಥಿಕ ವೇದಿಕೆಯ ಸಭೆಯಿಂದ ಎಲ್ಲರಿಗೂ ಗೊತ್ತಿರುವ ದಾವೋಸ್, ಆಗ ಕ್ಷಯ ರೋಗಿಗಳ ಆರೈಕೆಗೆ ಹೆಸರಾಗಿದ್ದ ಊರು. ಸ್ಟಾಫೆಲ್‌ಆಲ್ಪ್ ಎಂಬ ಎತ್ತರದ ಹುಲ್ಲುಗಾವಲಿನ ಗುಡಿಸಲಿನಲ್ಲಿ ಬೇಸಿಗೆ ಕಳೆದರು. ನಂತರ ಫ್ರೌಯೆನ್‌ಕಿರ್ಖ್ ಹಳ್ಳಿಯಲ್ಲಿ ನೆಲೆಸಿದರು. ದನಗಾಹಿಗಳು, ಮರದ ಮನೆಗಳು, ಚಂದ್ರನ ಬೆಳಕಿನ ಹಿಮ, ಟಿನ್ಸೆನ್‌ಹಾರ್ನ್ ಶಿಖರ, ಸೆರ್ಟಿಗ್ ಕಣಿವೆ ಹೀಗೆ ಸುತ್ತಲಿನ ಬದುಕೆಲ್ಲ ಅವರ ಕ್ಯಾನ್ವಾಸ್‌ಗೆ ಬಂತು.

1937ರಲ್ಲಿ ನಾಜಿ ಸರ್ಕಾರ ಆಧುನಿಕ ಕಲೆಯನ್ನು ‘ಅಧಃಪತನಗೊಂಡ ಕಲೆ’ ಎಂದು ಕರೆದು, ಜರ್ಮನಿಯ ಮ್ಯೂಸಿಯಂಗಳಿಂದ ಸುಮಾರು 20 ಸಾವಿರ ಕಲಾಕೃತಿಗಳನ್ನು ಕಿತ್ತುಕೊಂಡಿತು. ಅದರಲ್ಲಿ 600ಕ್ಕೂ ಹೆಚ್ಚು ಕಿರ್ಶ್ನರ್ ಅವರದ್ದು. ಮರುವರ್ಷ, 1938ರ ಜೂನ್ 15ರಂದು, ಫ್ರೌಯೆನ್‌ಕಿರ್ಖ್‌ನ ಮನೆಯ ಬಳಿ ಅವರು ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟರು.

ಬೆಟ್ಟದ ಚಿತ್ರದಲ್ಲಿ ಗೊಂದಲ ಏಕೆ?

ನಗರದ ಚಿತ್ರದಲ್ಲಿ ಸುಳಿವುಗಳು ಸಾಕಷ್ಟು ಇರುತ್ತವೆ. ಟ್ರಾಮ್, ಅಂಗಡಿ ಬೋರ್ಡು, ಹೆಂಗಸರ ಟೋಪಿ, ಚರ್ಚಿನ ಗೋಪುರ ನೋಡಿ ಊರು ಯಾವುದು, ವರ್ಷ ಸುಮಾರು ಎಷ್ಟು ಎಂದು ಹೇಳಬಹುದು. ಬೆಟ್ಟಕ್ಕೆ ಅಂಥ ಗುರುತುಗಳಿಲ್ಲ. ಕಲ್ಲು, ಮರ, ಮಂಜು ಹತ್ತು ವರ್ಷ ಕಳೆದರೂ ಹಾಗೆಯೇ ಇರುತ್ತವೆ.

ವಾಸ್ತವಕ್ಕೆ ಹತ್ತಿರವಾಗಿ ಬರೆದ ಚಿತ್ರವಾದರೆ ಶಿಖರದ ಆಕಾರ ನೋಡಿ, ಸ್ಥಳಕ್ಕೆ ಹೋಗಿ ಹೋಲಿಸಬಹುದು. ಅಭಿವ್ಯಕ್ತಿವಾದಿ ಚಿತ್ರದಲ್ಲಿ ಆಕಾರವನ್ನೇ ಕಲಾವಿದ ತನಗೆ ಬೇಕಾದಂತೆ ಎಳೆದಿರುತ್ತಾನೆ. ತಗ್ಗಿನ ದಿಬ್ಬವೂ ಎತ್ತರದ ಬೆಟ್ಟದಂತೆ ಕಾಣಬಹುದು. ಜೊತೆಗೆ, ಕಲಾವಿದ ಬೆಟ್ಟದ ಊರಿನಲ್ಲಿ ವಾಸವಿದ್ದ ಎಂಬುದು ಗೊತ್ತಿದ್ದರೆ ನೋಡುವವರ ಮನಸ್ಸು ತಾನಾಗಿಯೇ ಅತ್ತ ವಾಲುತ್ತದೆ. ಅಂಥ ಕಡೆ ತಪ್ಪು ಹೆಸರೊಂದು ಒಮ್ಮೆ ಪಟ್ಟಿಗೆ ಸೇರಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಕಲಾವಿದನೇ ಬರೆದ ತಪ್ಪು ಇಸವಿ

ಕ್ಯಾನ್ವಾಸ್ ಮೇಲೆ ಕಲಾವಿದನ ಸಹಿ ಮತ್ತು ಇಸವಿ ಇದ್ದರೆ ಸಮಸ್ಯೆ ಮುಗಿಯಿತಲ್ಲವೇ? ಕಿರ್ಶ್ನರ್ ವಿಷಯದಲ್ಲಿ ಹಾಗಿಲ್ಲ.

ತಮ್ಮ ಹಲವು ಚಿತ್ರಗಳಿಗೆ ಅವರು ನಿಜವಾದ ವರ್ಷಕ್ಕಿಂತ ಹಿಂದಿನ ವರ್ಷ ಬರೆದರು. ಫ್ರಾನ್ಸಿನ ಮತೀಸ್ ಅಥವಾ ನಾರ್ವೆಯ ಮುಂಕ್ ಅವರಿಂದ ತಾವು ಏನನ್ನೂ ಕಲಿತಿಲ್ಲ, ಹೊಸ ಶೈಲಿಗೆ ತಾವೇ ಮೊದಲಿಗರು ಎಂದು ತೋರಿಸುವ ಹಂಬಲ ಅದರ ಹಿಂದಿತ್ತು. ಯುದ್ಧದ ನಂತರ ಬರ್ಲಿನ್ ಸ್ಟುಡಿಯೊದಲ್ಲಿದ್ದ ಹಳೆಯ ಕ್ಯಾನ್ವಾಸ್‌ಗಳು ದಾವೋಸ್‌ಗೆ ಬಂದಾಗ, ಹಲವನ್ನು ಕುಂಚ ಹಿಡಿದು ಮತ್ತೆ ತಿದ್ದಿದರು.

ಮೋಮಾದಲ್ಲೇ ಇರುವ ‘ಡ್ರೆಸ್ಡೆನ್ ಬೀದಿ’ ಇದಕ್ಕೆ ಒಳ್ಳೆಯ ಉದಾಹರಣೆ. ಚಿತ್ರದ ಮೇಲೆ ಬರೆದಿರುವುದು 1907. ಮ್ಯೂಸಿಯಂ ಒಪ್ಪಿರುವ ವರ್ಷ 1908. ಕಲಾವಿದ ಅದನ್ನು ಮತ್ತೆ ತಿದ್ದಿದ್ದು 1919ರಲ್ಲಿ. ಒಂದೇ ಚಿತ್ರಕ್ಕೆ ಮೂರು ವರ್ಷಗಳು. ಮೂರನ್ನೂ ಮ್ಯೂಸಿಯಂ ತನ್ನ ವಿವರದಲ್ಲಿ ಮುಚ್ಚಿಡದೆ ಕೊಟ್ಟಿದೆ.

ಅಷ್ಟೇ ಅಲ್ಲ. ‘ಲೂಯಿ ದ ಮಾರ್ಸಾಲ್’ ಎಂಬ ಫ್ರೆಂಚ್ ವಿಮರ್ಶಕ 1920ರಿಂದ ಕಿರ್ಶ್ನರ್ ಕಲೆಯನ್ನು ಹೊಗಳಿ ಲೇಖನ ಬರೆಯತೊಡಗಿದ. ಅಂಥ ವ್ಯಕ್ತಿಯೇ ಇರಲಿಲ್ಲ. ಆ ಹೆಸರಿನಲ್ಲಿ ಬರೆಯುತ್ತಿದ್ದವರು ಸ್ವತಃ ಕಿರ್ಶ್ನರ್. 1933ರಲ್ಲಿ ಬರ್ನ್ ನಗರದ ಪ್ರದರ್ಶನದ ಹೊತ್ತಿಗೆ ಆ ಕಾಲ್ಪನಿಕ ವಿಮರ್ಶಕ ತೀರಿಕೊಂಡ ಎಂದೂ ಅವರೇ ತೋರಿಸಿದರು.

ಅಮೆರಿಕದ ಕಲಾ ಇತಿಹಾಸಕಾರ ಡೊನಾಲ್ಡ್ ಗಾರ್ಡನ್ 1960ರ ದಶಕದಲ್ಲಿ ಈ ಇಸವಿಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಹಳೆಯ ಪ್ರದರ್ಶನಗಳ ಪಟ್ಟಿ, ಪತ್ರ, ಫೋಟೊಗಳ ಜೊತೆ ಚಿತ್ರಗಳನ್ನು ಹೋಲಿಸಿದರು. 1968ರಲ್ಲಿ ಕಿರ್ಶ್ನರ್ ಅವರ ವರ್ಣಚಿತ್ರಗಳ ಸಮಗ್ರ ಪಟ್ಟಿಯನ್ನು ಪ್ರಕಟಿಸಿದರು. ಕಿರ್ಶ್ನರ್ ಚಿತ್ರದ ಬಗ್ಗೆ ಯಾವುದೇ ಚರ್ಚೆ ಇಂದಿಗೂ ಅಲ್ಲಿಂದಲೇ ಶುರುವಾಗುತ್ತದೆ.

ಒಂದು ಸಮಾಧಾನವೆಂದರೆ, ಇಸವಿಯಲ್ಲಿ ಸುಳ್ಳು ಹೇಳಿದ ಕಲಾವಿದರೇ ಸಾಕ್ಷ್ಯವನ್ನೂ ಉಳಿಸಿ ಹೋಗಿದ್ದಾರೆ. ಕಿರ್ಶ್ನರ್ ಒಳ್ಳೆಯ ಛಾಯಾಗ್ರಾಹಕ. ತಮ್ಮ ಚಿತ್ರಗಳ ಫೋಟೊ ತೆಗೆದು ಆಲ್ಬಂಗಳಲ್ಲಿ ಅಂಟಿಸಿಟ್ಟಿದ್ದರು. ತಿದ್ದುವ ಮೊದಲು ಚಿತ್ರ ಹೇಗಿತ್ತು ಎಂಬುದು ಕೆಲವೊಮ್ಮೆ ಆ ಫೋಟೊಗಳಿಂದಲೇ ತಿಳಿಯುತ್ತದೆ.

ಒಂದೇ ಬೆಟ್ಟ, ಹಲವು ಕೈಗಳು

ಇಸವಿಯ ಗೊಂದಲ ಒಂದಾದರೆ, ಕರ್ತೃ ಯಾರು ಎಂಬ ಗೊಂದಲ ಇನ್ನೊಂದು. ಕಲಾವಿದರು ಗುಂಪಾಗಿ ಒಂದೇ ಊರಿನಲ್ಲಿ ಕೂತು ಒಂದೇ ಬೆಟ್ಟವನ್ನು ಬರೆದಾಗ ಇದು ಹುಟ್ಟುತ್ತದೆ.

ಕಿರ್ಶ್ನರ್ ದಾವೋಸ್‌ಗೆ ಬರುವ ಮೊದಲೇ ಫಿಲಿಪ್ ಬೌಕ್ನೆಕ್ಟ್ ಎಂಬ ಜರ್ಮನ್ ಕಲಾವಿದ ಅಲ್ಲಿದ್ದರು. ಕ್ಷಯ ರೋಗದ ಚಿಕಿತ್ಸೆಗೆ 1910ರಲ್ಲಿ ಬಂದವರು, ಬೆಟ್ಟದ ರೈತರ ಬದುಕನ್ನು ಗಾಢ ಬಣ್ಣಗಳಲ್ಲಿ ಬರೆಯುತ್ತಿದ್ದರು. 1920ರಲ್ಲಿ ನೆದರ್ಲೆಂಡ್ಸ್‌ನಿಂದ ಯಾನ್ ವೀಗರ್ಸ್ ಬಂದರು. ಅವರೂ ಆರೋಗ್ಯ ಸುಧಾರಿಸಿಕೊಳ್ಳಲು ಬಂದವರೇ. ಕಿರ್ಶ್ನರ್ ಜೊತೆ ಗೆಳೆತನ ಬೆಳೆಸಿ, ಅವರ ಬಣ್ಣದ ವಿಧಾನ ಕಲಿತು, ಅದನ್ನು ತಮ್ಮ ಊರು ಗ್ರೋನಿಂಗನ್‌ನ ‘ಡ ಪ್ಲೂಖ್’ ಕಲಾವಿದರ ಗುಂಪಿಗೆ ಒಯ್ದರು.

1923ರಲ್ಲಿ ಬಾಸೆಲ್ ನಗರದಲ್ಲಿ ಕಿರ್ಶ್ನರ್ ಪ್ರದರ್ಶನ ನಡೆಯಿತು. ಅದನ್ನು ನೋಡಿದ ಯುವ ಕಲಾವಿದರು ದಾವೋಸ್‌ಗೆ ಬಂದರು. ಹೆರ್ಮಾನ್ ಶೆರರ್, ಆಲ್ಬರ್ಟ್ ಮ್ಯೂಲರ್ ಅವರಲ್ಲಿ ಮುಖ್ಯರು. ಕಿರ್ಶ್ನರ್ ಜೊತೆಗೇ ಕುಳಿತು, ಅದೇ ಕಣಿವೆ, ಅದೇ ಮರ, ಅದೇ ಜನರನ್ನು ಬರೆದರು. 1924ರ ಕೊನೆಯ ರಾತ್ರಿ ಅವರಿಬ್ಬರು, ಪಾಲ್ ಕಾಮೆನಿಶ್ ಮೊದಲಾದವರ ಜೊತೆ ಸೇರಿ ‘ರೋಟ್-ಬ್ಲೌ’, ಅಂದರೆ ಕೆಂಪು-ನೀಲಿ ಎಂಬ ಗುಂಪು ಕಟ್ಟಿದರು. ಆದರೆ ಮ್ಯೂಲರ್ 1926ರ ಡಿಸೆಂಬರ್‌ನಲ್ಲಿ, 29ನೇ ವಯಸ್ಸಿಗೆ ತೀರಿಕೊಂಡರು. ಶೆರರ್ 1927ರ ಮೇ ತಿಂಗಳಲ್ಲಿ, 34ನೇ ವಯಸ್ಸಿಗೆ. ತಮ್ಮದೇ ದಾರಿ ಹಿಡಿಯಲು ಇಬ್ಬರಿಗೂ ಕಾಲ ಸಿಗಲಿಲ್ಲ.

ಜರ್ಮನಿಯ ದಕ್ಷಿಣದಲ್ಲೂ ಇಂಥದ್ದೇ ಕತೆ ಇದೆ. 1908ರ ಬೇಸಿಗೆಯಲ್ಲಿ ಬವೇರಿಯಾದ ಮುರ್ನೌ ಎಂಬ ಆಲ್ಪ್ಸ್ ತಪ್ಪಲಿನ ಊರಿನಲ್ಲಿ ವಾಸಿಲಿ ಕಾಂಡಿನ್ಸ್‌ಕಿ, ಗಾಬ್ರಿಯೆಲೆ ಮ್ಯೂಂಟರ್, ಅಲೆಕ್ಸೈ ಯಾವ್ಲೆನ್ಸ್‌ಕಿ ಮತ್ತು ಮರಿಯಾನೆ ವೆರೆಫ್ಕಿನ್ ಒಟ್ಟಿಗೆ ಕೆಲಸ ಮಾಡಿದರು. ಒಂದೇ ಬೀದಿ, ಒಂದೇ ಬೆಟ್ಟದ ಸಾಲು. ಬಹಳಷ್ಟು ಚಿತ್ರಗಳು ಸಣ್ಣ ರಟ್ಟಿನ ಮೇಲೆ ಬೇಗ ಬೇಗ ಬರೆದಂಥವು. ಸಹಿ ಇಲ್ಲದ ಅಂಥ ರಟ್ಟೊಂದು ಸಿಕ್ಕರೆ ಅದು ನಾಲ್ವರಲ್ಲಿ ಯಾರದ್ದು ಎಂದು ಹೇಳಲು ಅನುಭವಿ ಕಣ್ಣೂ ಎರಡು ಸಲ ನೋಡಬೇಕು.

ಇಲ್ಲಿ ಹಣದ ಪ್ರಶ್ನೆಯೂ ಇದೆ. ಕಿರ್ಶ್ನರ್ ಅವರ ‘ಬರ್ಲಿನ್ ಬೀದಿ ದೃಶ್ಯ’ 2006ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 3.8 ಕೋಟಿ ಡಾಲರ್‌ಗೆ ಹೋಯಿತು. ಶಿಷ್ಯರ ಚಿತ್ರಗಳಿಗೆ ಅಂಥ ಬೆಲೆ ಇಲ್ಲ. ಹಾಗಾಗಿ ಸಂದೇಹದ ಚಿತ್ರವನ್ನು ದೊಡ್ಡ ಹೆಸರಿನ ಕಡೆ ತಳ್ಳುವ ಆಸೆ ಮಾರುಕಟ್ಟೆಗೆ ಇದ್ದೇ ಇರುತ್ತದೆ. ಹಾಗೆ ಮಾಡಿದಾಗ ಮೋಸ ಹೋಗುವುದು ಕೊಂಡವರು ಮಾತ್ರವಲ್ಲ. ಚಿಕ್ಕ ವಯಸ್ಸಿಗೇ ಹೋದ ಕಲಾವಿದನ ಉಳಿದಿರುವ ನಾಲ್ಕು ಕೆಲಸಗಳಲ್ಲಿ ಒಂದು ಅವನ ಕೈತಪ್ಪಿ ಗುರುವಿನ ಲೆಕ್ಕಕ್ಕೆ ಸೇರುತ್ತದೆ.

ಫಿಷರ್ ಮನೆಯ ಗೋಡೆಯಿಂದ ನ್ಯೂಯಾರ್ಕ್‌ಗೆ

ಮತ್ತೆ ಮರಳು ದಿಬ್ಬದ ಚಿತ್ರಕ್ಕೆ ಬರೋಣ. ಫ್ರಾಂಕ್‌ಫರ್ಟ್‌ನ ಲುಡ್ವಿಗ್ ಮತ್ತು ರೋಸಿ ಫಿಷರ್ ದಂಪತಿ, ಅಭಿವ್ಯಕ್ತಿವಾದಿ ಕಲೆಗೆ ಇನ್ನೂ ಹೆಚ್ಚು ಕೊಳ್ಳುವವರಿಲ್ಲದ ಕಾಲದಲ್ಲೇ ಅದನ್ನು ಸಂಗ್ರಹಿಸಿದ ಯಹೂದಿ ಕುಟುಂಬದವರು. 1922ರಲ್ಲಿ ಲುಡ್ವಿಗ್, 1926ರಲ್ಲಿ ರೋಸಿ ತೀರಿಕೊಂಡ ಮೇಲೆ ಉಳಿದ ಸಂಗ್ರಹ ಇಬ್ಬರು ಮಕ್ಕಳಾದ ಅರ್ನ್ಸ್ಟ್ ಮತ್ತು ಮ್ಯಾಕ್ಸ್ ನಡುವೆ ಹಂಚಿಹೋಯಿತು.

ಅರ್ನ್ಸ್ಟ್ 1934ರಲ್ಲಿ ಅಮೆರಿಕದ ವರ್ಜೀನಿಯಾಗೆ ಹೋದರು. ತಮ್ಮ ಪಾಲಿನ ಚಿತ್ರಗಳನ್ನು ಜೊತೆಗೆ ಒಯ್ಯಲು ಅವರಿಗೆ ಸಾಧ್ಯವಾಯಿತು. ಅವು ಈಗ ರಿಚ್ಮಂಡ್‌ನ ವರ್ಜೀನಿಯಾ ಲಲಿತಕಲಾ ಮ್ಯೂಸಿಯಂನಲ್ಲಿವೆ. ಇತಿಹಾಸಕಾರರೂ ಪತ್ರಕರ್ತರೂ ಆಗಿದ್ದ ಮ್ಯಾಕ್ಸ್ 1935ರಲ್ಲಿ ಜರ್ಮನಿ ಬಿಟ್ಟರು. ಅವರ ಪಾಲಿನ ಚಿತ್ರಗಳು ಹಿಂದೆಯೇ ಉಳಿದವು.

ಮರಳು ದಿಬ್ಬದ ಚಿತ್ರ ನಂತರ ಕಾಣಿಸಿದ್ದು ನಾಜಿ ಪಕ್ಷದ ಸದಸ್ಯನಾಗಿದ್ದ ಕುರ್ಟ್ ಫೆಲ್ಡ್‌ಹಾಯ್ಸರ್ ಎಂಬ ಸಂಗ್ರಾಹಕನ ಬಳಿ. ಯುದ್ಧದ ಕೊನೆಯಲ್ಲಿ ಬಾಂಬ್ ದಾಳಿಗೆ ಆತ ಬಲಿಯಾದ. ಅವನ ತಾಯಿ ಸಂಗ್ರಹವನ್ನು ಅಮೆರಿಕಕ್ಕೆ ತಂದರು. ನ್ಯೂಯಾರ್ಕ್‌ನ ಗ್ಯಾಲರಿಯೊಂದರ ಮೂಲಕ 1949ರಲ್ಲಿ ಮೋಮಾ ಅದನ್ನು ಕೊಂಡಿತು.

ಈಗ ತಪ್ಪು ಹೆಸರಿನ ಪರಿಣಾಮ ಯೋಚಿಸಿ. ‘ಗ್ರೂನೌ’ ಚಿತ್ರವನ್ನು ಹುಡುಕುವ ಕುಟುಂಬಕ್ಕೆ ಮ್ಯೂಸಿಯಂನ ಪಟ್ಟಿಯಲ್ಲಿ ‘ಎಂಗಾಡಿನ್’ ಎಂದು ಬರೆದ ಚಿತ್ರ ತಮ್ಮದೇ ಎಂದು ಹೊಳೆಯುವುದು ಹೇಗೆ? ಬರ್ಲಿನ್ ಕಾಲದ ಚಿತ್ರ ಹುಡುಕುವವರು 1917-18ರ ಸ್ವಿಟ್ಜರ್ಲೆಂಡ್ ಚಿತ್ರಗಳ ಪುಟ ತಿರುವುವುದೂ ಇಲ್ಲ. ಅಂಥ ತಪ್ಪಿನ ಹಿಂದೆ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ. ಆದರೆ ಹಳೆಯ ಮಾಲೀಕನ ಹೆಜ್ಜೆ ಗುರುತು ಅಲ್ಲಿಗೇ ಅಳಿಸಿಹೋಗುತ್ತದೆ.

ಸ್ಥಳ ಮತ್ತು ಕಾಲ ಸರಿಯಾಗಿ ಗೊತ್ತಾದ ಮೇಲೆ ಚಿತ್ರವನ್ನು ಫಿಷರ್ ಸಂಗ್ರಹಕ್ಕೆ ಜೋಡಿಸಲು ದಾರಿ ಸಿಗುತ್ತದೆ. ನಾಜಿ ಕಾಲದ ನಷ್ಟಗಳ ಹಕ್ಕು ನೋಡಿಕೊಳ್ಳುವ ನ್ಯೂಯಾರ್ಕ್ ರಾಜ್ಯದ ಸರ್ಕಾರಿ ಕಚೇರಿ ಮ್ಯಾಕ್ಸ್ ಫಿಷರ್ ವಾರಸುದಾರರ ಪರವಾಗಿ ನಿಂತಿತು. 2015ರಲ್ಲಿ ಒಪ್ಪಂದವಾಯಿತು. ಮ್ಯಾಕ್ಸ್ ಜರ್ಮನಿ ಬಿಟ್ಟು ಆಗ 80 ವರ್ಷ ಕಳೆದಿತ್ತು.

ಇಂಥ ಪ್ರಕರಣಗಳಿಗೆ ಆಧಾರ 1998ರ ವಾಷಿಂಗ್ಟನ್ ತತ್ವಗಳು. ನಾಜಿಗಳು ಕಿತ್ತುಕೊಂಡ ಕಲಾಕೃತಿಗಳನ್ನು ಗುರುತಿಸಿ, ನ್ಯಾಯಯುತ ಪರಿಹಾರ ಕಂಡುಕೊಳ್ಳಬೇಕು ಎಂದು 44 ದೇಶಗಳು ಒಪ್ಪಿಕೊಂಡವು. ಅದು ಕಾನೂನಲ್ಲ, ನೈತಿಕ ಒಪ್ಪಂದ ಮಾತ್ರ. ಆದರೂ ದೊಡ್ಡ ಮ್ಯೂಸಿಯಂಗಳು ತಮ್ಮ ಸಂಗ್ರಹದ 1933ರಿಂದ 1945ರವರೆಗಿನ ಇತಿಹಾಸವನ್ನು ಹುಡುಕಲು ಅದು ದೊಡ್ಡ ಪ್ರೇರಣೆಯಾಯಿತು.

ನಕಲಿಗಾರರಿಗೆ ಬೇಕಾದದ್ದೂ ಇದೇ ಖಾಲಿ ಜಾಗ

ಯುದ್ಧ, ಜಪ್ತಿ, ವಲಸೆಗಳಿಂದ ಸಾವಿರಾರು ಚಿತ್ರಗಳ ದಾಖಲೆಗಳು ಹರಿದುಹೋದವು. ಹಳೆಯ ಪ್ರದರ್ಶನದ ಪಟ್ಟಿಯಲ್ಲಿ ಹೆಸರು ಇದೆ, ಫೋಟೊ ಇಲ್ಲ, ಚಿತ್ರವೂ ಇಲ್ಲ. ಈ ಖಾಲಿ ಜಾಗವನ್ನು ಚೆನ್ನಾಗಿ ಬಳಸಿಕೊಂಡವರು ಜರ್ಮನಿಯ ವೋಲ್ಫ್‌ಗಾಂಗ್ ಬೆಲ್ಟ್ರಾಕಿ.

ಬೆಲ್ಟ್ರಾಕಿ ಇದ್ದ ಚಿತ್ರವನ್ನು ನಕಲು ಮಾಡಲಿಲ್ಲ. ಕಳೆದುಹೋದ ಚಿತ್ರದ ಹೆಸರು ಹಿಡಿದು, ಆ ಕಲಾವಿದನ ಶೈಲಿಯಲ್ಲಿ ಹೊಸದನ್ನೇ ಬರೆದರು. ಮಾಲೀಕತ್ವದ ಕತೆಯೂ ಸಿದ್ಧವಿತ್ತು. ಹೆಂಡತಿಯ ಅಜ್ಜ ಯುದ್ಧಕ್ಕೆ ಮೊದಲು ಯಹೂದಿ ಕಲಾ ವ್ಯಾಪಾರಿ ಆಲ್ಫ್ರೆಡ್ ಫ್ಲೆಖ್ಟ್‌ಹೈಮ್ ಅವರಿಂದ ಕೊಂಡಿದ್ದರು ಎಂಬುದು ಆ ಕತೆ. ಹೆಂಡತಿ ಹೆಲೆನೆಗೆ ಹಳೆಯ ಕಾಲದ ಉಡುಪು ತೊಡಿಸಿ, ಅಜ್ಜಿಯಂತೆ ಕೂರಿಸಿ, ಹಿಂದಿನ ಗೋಡೆಯಲ್ಲಿ ನಕಲಿ ಚಿತ್ರಗಳನ್ನು ತೂಗುಹಾಕಿ ಕಪ್ಪು-ಬಿಳುಪು ಫೋಟೊ ಕೂಡ ತೆಗೆದರು.

ಹೈನ್ರಿಖ್ ಕಾಂಪೆನ್‌ಡೋಂಕ್ 1914ರಲ್ಲಿ ಬರೆದದ್ದು ಎನ್ನಲಾದ ‘ಕುದುರೆಗಳಿರುವ ಕೆಂಪು ಚಿತ್ರ’ 2006ರಲ್ಲಿ ಕಲೋನ್ ನಗರದ ಹರಾಜಿನಲ್ಲಿ 28.8 ಲಕ್ಷ ಯೂರೊಗೆ ಮಾರಾಟವಾಯಿತು. ಕೊಂಡವರು ಖಚಿತ ಪ್ರಮಾಣಪತ್ರ ಕೇಳಿದಾಗ ಪರೀಕ್ಷೆ ನಡೆಯಿತು. ಬಣ್ಣದಲ್ಲಿ ಟೈಟಾನಿಯಂ ಬಿಳಿ ಸಿಕ್ಕಿತು. 1914ರಲ್ಲಿ ಕಲಾವಿದರಿಗೆ ಆ ಬಣ್ಣ ಸಿಗುತ್ತಲೇ ಇರಲಿಲ್ಲ. ಹಿಂಬದಿಯಲ್ಲಿದ್ದ ಫ್ಲೆಖ್ಟ್‌ಹೈಮ್ ಸಂಗ್ರಹದ ಚೀಟಿಯೂ ನಕಲಿ ಎಂದು ತಿಳಿಯಿತು.

2011ರ ಅಕ್ಟೋಬರ್ 27ರಂದು ಕಲೋನ್ ನ್ಯಾಯಾಲಯ 14 ಚಿತ್ರಗಳ ಪ್ರಕರಣದಲ್ಲಿ ಬೆಲ್ಟ್ರಾಕಿಗೆ ಆರು ವರ್ಷ, ಹೆಲೆನೆಗೆ ನಾಲ್ಕು ವರ್ಷ ಶಿಕ್ಷೆ ವಿಧಿಸಿತು. ಬೆಲ್ಟ್ರಾಕಿ ಸ್ವತಃ ಹೇಳಿಕೊಂಡ ಪ್ರಕಾರ, ತಾವು ಕೊಂಡ ಸತು ಬಿಳಿ ಬಣ್ಣದ ಟ್ಯೂಬ್‌ನಲ್ಲಿ ಟೈಟಾನಿಯಂ ಬೆರೆತಿತ್ತು, ಟ್ಯೂಬ್ ಮೇಲೆ ಅದನ್ನು ಬರೆದಿರಲಿಲ್ಲ.

ಪ್ರಯೋಗಾಲಯ ಹೇಳುವುದೇನು, ಹೇಳದಿರುವುದೇನು?

ಬೆಲ್ಟ್ರಾಕಿ ಪ್ರಕರಣ ಓದಿದವರಿಗೆ ವಿಜ್ಞಾನವೊಂದೇ ಸಾಕು ಎನಿಸಬಹುದು. ಆದರೆ ಪ್ರತಿ ವಿಧಾನಕ್ಕೂ ಅದರದ್ದೇ ಮಿತಿ ಇದೆ.

ಬಣ್ಣದ ಪರೀಕ್ಷೆ: ಕಾಲಕ್ಕೆ ಹೊಂದದ ಬಣ್ಣ ಸಿಕ್ಕರೆ ಅನುಮಾನ ಗಟ್ಟಿಯಾಗುತ್ತದೆ. ಸಿಗದಿದ್ದರೆ ಚಿತ್ರ ಅಸಲಿ ಎಂದು ಸಾಬೀತಾಗುವುದಿಲ್ಲ. ಜಾಣ ನಕಲಿಗಾರ ಹಳೆಯ ಬಣ್ಣವನ್ನೇ ಬಳಸಬಹುದು.

ಎಕ್ಸ್-ರೇ ಮತ್ತು ಇನ್‌ಫ್ರಾರೆಡ್: ಮೇಲಿನ ಪದರದ ಕೆಳಗಿರುವ ಹಳೆಯ ಚಿತ್ರ, ಪೆನ್ಸಿಲ್ ಗೆರೆ, ತಿದ್ದುಪಡಿಗಳು ಕಾಣುತ್ತವೆ. ಕಿರ್ಶ್ನರ್ ಹಳೆಯ ಚಿತ್ರದ ಮೇಲೆ ಬರೆಯುತ್ತಿದ್ದರು. ಕ್ಯಾನ್ವಾಸ್‌ನ ಎರಡೂ ಬದಿ ಬಳಸಿದ ಅವರ ನೂರಕ್ಕೂ ಹೆಚ್ಚು ಕೃತಿಗಳಿವೆ. ಆದರೆ ನಕಲಿಗಾರರೂ ಹಳೆಯ ಕ್ಯಾನ್ವಾಸ್ ಕೊಂಡು ಅದರ ಮೇಲೆಯೇ ಬರೆಯುತ್ತಾರೆ.

ಕಾರ್ಬನ್ ಡೇಟಿಂಗ್: 20ನೇ ಶತಮಾನದ ಮೊದಲ ಭಾಗದ ಚಿತ್ರಕ್ಕೆ ಇದು ನಿಖರ ವರ್ಷ ಕೊಡಲಾರದು. ಆದರೆ 1950ರ ದಶಕದಿಂದ ನಡೆದ ಅಣು ಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಪ್ರಮಾಣ ಏರಿತು. ಬಣ್ಣಕ್ಕೆ ಬೆರೆಸಿದ ಎಣ್ಣೆಯಲ್ಲಿ ಆ ಗುರುತು ಸಿಕ್ಕರೆ ಚಿತ್ರ ಆ ನಂತರದ್ದು ಎಂದೇ ಅರ್ಥ. ತೀರಾ ಸಣ್ಣ ಬಣ್ಣದ ಚೂರಿನಿಂದಲೇ ಇದನ್ನು ಕಂಡುಹಿಡಿಯಬಹುದು ಎಂದು ಇಟಿಎಚ್ ಜ್ಯೂರಿಖ್ ಸಂಶೋಧಕರು 2019ರಲ್ಲಿ ತೋರಿಸಿದರು.

ಕಿರ್ಶ್ನರ್ ಚಿತ್ರದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. 1908ರ ಚಿತ್ರವೊಂದರಲ್ಲಿ ಟೈಟಾನಿಯಂ ಬಿಳಿ ಸಿಕ್ಕಿತು ಎಂದುಕೊಳ್ಳಿ. ಬೇರೆ ಕಲಾವಿದನಾದರೆ ನಕಲಿ ಎಂಬ ಸಂಶಯ ಬಲವಾಗುತ್ತದೆ. ಕಿರ್ಶ್ನರ್ ಆದರೆ, 1920ರ ದಶಕದಲ್ಲಿ ಅವರೇ ತಿದ್ದಿರಲೂಬಹುದು. ಬಣ್ಣ ಕೆಳಗಿನ ಪದರದಲ್ಲಿದೆಯೇ, ಮೇಲಿನ ತಿದ್ದುಪಡಿಯಲ್ಲಿದೆಯೇ ಎಂದು ನೋಡಬೇಕು. ಅಂದರೆ ಪ್ರಯೋಗಾಲಯದ ವರದಿ ಓದಲು ಕಲಾವಿದನ ಬದುಕಿನ ಕತೆಯೂ ಗೊತ್ತಿರಬೇಕು.

ಹೀಗಾಗಿ ತಜ್ಞರು ಮೂರು ಸಾಕ್ಷಿಗಳನ್ನು ಒಟ್ಟಿಗೆ ಕೇಳುತ್ತಾರೆ. ಮೊದಲನೆಯದು ಕಣ್ಣಿನ ಸಾಕ್ಷಿ: ಕುಂಚದ ನಡೆ, ಬಣ್ಣದ ಆಯ್ಕೆ, ರಚನೆ. ಎರಡನೆಯದು ಕಾಗದದ ಸಾಕ್ಷಿ: ಪತ್ರ, ರಸೀದಿ, ಪ್ರದರ್ಶನದ ಪಟ್ಟಿ, ಹಳೆಯ ಫೋಟೊ, ಹಿಂಬದಿಯ ಚೀಟಿ ಮತ್ತು ಮೊಹರು. ಮೂರನೆಯದು ವಸ್ತುವಿನ ಸಾಕ್ಷಿ: ಬಟ್ಟೆ, ಮರ, ಮೊಳೆ, ಬಣ್ಣ. ಮೂರೂ ಒಂದೇ ಮಾತು ಹೇಳಿದರೆ ನಂಬಿಕೆ ಹೆಚ್ಚು. ಒಂದು ಸಾಕ್ಷಿ ತಿರುಗಿ ಬಿದ್ದರೂ ಮತ್ತೆ ಮೊದಲಿನಿಂದ ನೋಡಬೇಕು.

ಹರಾಜು ಪಟ್ಟಿಯ ಪದಗಳ ಅರ್ಥ

ಹರಾಜು ಸಂಸ್ಥೆಗಳ ಕ್ಯಾಟಲಾಗ್‌ನಲ್ಲಿ ಪ್ರತಿ ಪದಕ್ಕೂ ತೂಕವಿದೆ. ಸಂಸ್ಥೆಯಿಂದ ಸಂಸ್ಥೆಗೆ ಸ್ವಲ್ಪ ವ್ಯತ್ಯಾಸ ಇರಬಹುದಾದರೂ ಸಾಮಾನ್ಯವಾಗಿ ಅರ್ಥ ಹೀಗಿದೆ:

* ಕಲಾವಿದನ ಪೂರ್ಣ ಹೆಸರು ಮಾತ್ರ ಇದ್ದರೆ: ಸಂಸ್ಥೆಯ ಅಭಿಪ್ರಾಯದಲ್ಲಿ ಇದು ಅವರದ್ದೇ ಕೃತಿ.
* ‘ಇವರದ್ದೆಂದು ಹೇಳಲಾಗಿದೆ’: ಅವರದ್ದಿರಬಹುದು, ಪೂರ್ತಿ ಖಚಿತವಿಲ್ಲ.
* ‘ಇವರ ಸ್ಟುಡಿಯೊ’: ಅವರ ಕಾರ್ಯಾಗಾರದಲ್ಲಿ, ಬಹುಶಃ ಅವರ ಉಸ್ತುವಾರಿಯಲ್ಲಿ ಬೇರೆಯವರು ಬರೆದದ್ದು.
* ‘ಇವರ ವಲಯ’: ಅದೇ ಕಾಲದ, ಅವರ ಪ್ರಭಾವ ಇರುವ ಬೇರೊಬ್ಬರ ಕೈ.
* ‘ಇವರ ಅನುಯಾಯಿ’: ಅವರ ಶೈಲಿಯಲ್ಲಿ ಬರೆದವರು, ಶಿಷ್ಯರೇ ಆಗಿರಬೇಕೆಂದಿಲ್ಲ.
* ‘ಇವರ ರೀತಿಯಲ್ಲಿ’: ಶೈಲಿ ಅವರದ್ದು, ಕಾಲ ನಂತರದ್ದು.
* ‘ಇವರ ಕೃತಿ ಆಧರಿಸಿ’: ಗೊತ್ತಿರುವ ಚಿತ್ರದ ಪ್ರತಿ.

ಇನ್ನೊಂದು ಗಮನಿಸಬೇಕಾದ ವ್ಯತ್ಯಾಸವಿದೆ. ‘ಸಹಿ ಮಾಡಿದ್ದಾರೆ’ ಎಂದರೆ ಕಲಾವಿದರದ್ದೇ ಸಹಿ ಎಂದು ಸಂಸ್ಥೆ ನಂಬಿದೆ. ‘ಸಹಿ ಇದೆ’ ಎಂದಷ್ಟೇ ಬರೆದಿದ್ದರೆ, ಆ ಸಹಿ ಬೇರೆಯವರು ಹಾಕಿದ್ದಿರಬಹುದು ಎಂಬ ಎಚ್ಚರಿಕೆ ಅದರಲ್ಲಿದೆ.

ಭಾರತದಲ್ಲಿ ಪರಿಸ್ಥಿತಿ ಏನು?

ಈ ಪ್ರಶ್ನೆ ಯುರೋಪಿಗೆ ಮಾತ್ರ ಸೇರಿದ್ದಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯಡಿ ಒಂಬತ್ತು ಕಲಾವಿದರ ಕೃತಿಗಳನ್ನು ‘ಕಲಾ ಸಂಪತ್ತು’ ಎಂದು ಘೋಷಿಸಲಾಗಿದೆ. ರಾಜಾ ರವಿವರ್ಮ, ರವೀಂದ್ರನಾಥ ಠಾಕೂರ್, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್ ಜೊತೆ ಹಿಮಾಲಯದ ಚಿತ್ರಗಳಿಗೆ ಹೆಸರಾದ ರಷ್ಯಾ ಮೂಲದ ನಿಕೊಲಸ್ ರೋರಿಕ್ ಕೂಡ ಆ ಪಟ್ಟಿಯಲ್ಲಿದ್ದಾರೆ. ಇವರ ಚಿತ್ರಗಳನ್ನು ದೇಶದ ಹೊರಗೆ ಮಾರಾಟಕ್ಕೆ ಒಯ್ಯುವಂತಿಲ್ಲ. ಅಂದರೆ ಬೆಟ್ಟದ ಚಿತ್ರವೊಂದು ರೋರಿಕ್ ಅವರದ್ದೋ, ಅಲ್ಲವೋ ಎಂಬುದು ಇಲ್ಲಿ ಬೆಲೆಯ ಪ್ರಶ್ನೆಯಷ್ಟೇ ಅಲ್ಲ, ಕಾನೂನಿನ ಪ್ರಶ್ನೆ ಕೂಡ.

ರೋರಿಕ್ ಅಭಿವ್ಯಕ್ತಿವಾದಿಯಲ್ಲ. ಆದರೆ ಬೆಟ್ಟಕ್ಕೆ ಬಣ್ಣ ಹಚ್ಚುವ ಅವರ ಧೈರ್ಯ ಕನ್ನಡಿಗರಿಗೆ ಪರಿಚಿತ. ಅವರ ಮತ್ತು ಮಗ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ. ಸ್ವೆತೊಸ್ಲಾವ್ ಮತ್ತು ನಟಿ ದೇವಿಕಾ ರಾಣಿ ದಂಪತಿ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್‌ನಲ್ಲಿ ನೆಲೆಸಿದ್ದರು. ಕಲಾವಿದರ ಕೈಯಿಂದಲೇ ಸಂಸ್ಥೆಗೆ ಬಂದ ಚಿತ್ರಕ್ಕೆ ಕಾಗದದ ಸಾಕ್ಷಿ ಗಟ್ಟಿಯಾಗಿರುತ್ತದೆ. ಕೈಯಿಂದ ಕೈಗೆ ದಾಟಿ ಬಂದ ಚಿತ್ರಕ್ಕೆ ಆ ಅನುಕೂಲ ಇರುವುದಿಲ್ಲ.

ಕೋಲ್ಕತಾದ ಸರ್ಕಾರಿ ಕಲಾ ಕಾಲೇಜಿನಲ್ಲಿ 2011ರಲ್ಲಿ ಪ್ರದರ್ಶನಗೊಂಡ ಚಿತ್ರಗಳು ರವೀಂದ್ರನಾಥ ಠಾಕೂರರದ್ದು ಎನ್ನಲಾಗಿತ್ತು. ಅನುಮಾನ ಎದ್ದು, ವಿಷಯ ಕಲ್ಕತ್ತಾ ಹೈಕೋರ್ಟ್ ಮೆಟ್ಟಿಲೇರಿತು. ಅವು ಠಾಕೂರರದ್ದಲ್ಲ ಎಂದು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ತಜ್ಞರು ವರದಿ ಕೊಟ್ಟರು.

ಚೀಟಿಯನ್ನೂ ಚಿತ್ರದಷ್ಟೇ ಗಮನವಿಟ್ಟು ಓದಿ

ಮುಂಬೈ, ದೆಹಲಿ ಅಥವಾ ಚೆನ್ನೈನ ಮ್ಯೂಸಿಯಂಗೆ ಹೋದಾಗ ಚಿತ್ರದ ಪಕ್ಕದ ಚೀಟಿಯನ್ನು ಹೆಚ್ಚಿನವರು ಅರೆಕ್ಷಣ ನೋಡಿ ಮುಂದೆ ಹೋಗುತ್ತಾರೆ. ಮುಂದಿನ ಸಲ ಸ್ವಲ್ಪ ನಿಂತು ಓದಿ. ಇಸವಿಯ ಜೊತೆ ‘ಸುಮಾರು’ ಎಂದಿದೆಯೇ? ‘ನಂತರ ತಿದ್ದಿದ್ದು’ ಎಂದಿದೆಯೇ? ಚಿತ್ರ ಯಾರಿಂದ ಬಂತು ಎಂದು ಬರೆದಿದ್ದಾರೆಯೇ? ಹೀಗೆ ಅನುಮಾನವನ್ನೂ ತೆರೆದಿಟ್ಟ ಚೀಟಿ, ಎಲ್ಲವೂ ಖಚಿತ ಎನ್ನುವ ಚೀಟಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಗ್ರೂನೌ ಬಳಿಯ ಮರಳು ದಿಬ್ಬ 60ಕ್ಕೂ ಹೆಚ್ಚು ವರ್ಷ ನ್ಯೂಯಾರ್ಕ್‌ನ ಮ್ಯೂಸಿಯಂನಲ್ಲಿತ್ತು. ಅಷ್ಟು ವರ್ಷದಲ್ಲಿ ಅದರ ಬಣ್ಣ ಬದಲಾಗಲಿಲ್ಲ, ಗೆರೆ ಬದಲಾಗಲಿಲ್ಲ. ಬದಲಾಗಿದ್ದು ಊರಿನ ಹೆಸರು ಮತ್ತು ಇಸವಿ ಮಾತ್ರ. ಮ್ಯಾಕ್ಸ್ ಫಿಷರ್ ಬಿಟ್ಟು ಹೋದ ಚಿತ್ರ ಅವರ ಕುಟುಂಬಕ್ಕೆ ಮರಳಿದ್ದು ಆ ಎರಡು ಸರಿಯಾದ ಮೇಲೆಯೇ.